ಎಂಟು ವರ್ಷದ ಬಿಡುವಿನ ನಂತರ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಮರಳಬಹುದೇ?

ಮರಳಬಹುದು. ನಾನು ಹತ್ತು ವರ್ಷ ಮನೆಯಲ್ಲಿದ್ದು ಮರಳಿದ್ದೇನೆ, ಅದೂ ನೀವು ಮಾಡುತ್ತಿದ್ದ ಟೆಸ್ಟಿಂಗ್ ಕೆಲಸಕ್ಕೇ. ಆದರೆ ನಿಮ್ಮ ಪ್ರಶ್ನೆಯ ಕೊನೆಯ ಸಾಲು ಓದಿ ಎದೆ ಝಲ್ಲೆಂದಿತು. ಮೊದಲು ಅದರ ಮಾತು ಮುಗಿಸುತ್ತೇನೆ.

ನೀವು ಆರು ವರ್ಷ ಮ್ಯಾನುಯಲ್ ಟೆಸ್ಟಿಂಗ್, ಅಂದರೆ ತಂತ್ರಾಂಶದ ದೋಷಗಳನ್ನು ಕೈಯಾರೆ ಹುಡುಕುವ ಕೆಲಸ ಮಾಡಿ, ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟಿದ್ದೀರಿ. ಈಗ ನಿಮಗೆ ಮೂವತ್ತಾರು. ಒಂದು ತರಬೇತಿ ಕೇಂದ್ರದವರು 90 ಸಾವಿರ ರೂಪಾಯಿ ಕಟ್ಟಿದರೆ ಮೂರು ತಿಂಗಳು ಪಾಠ ಹೇಳಿ, ಜೊತೆಗೆ ಐದು ವರ್ಷದ ಅನುಭವ ಪತ್ರವನ್ನೂ ‘ಹೊಂದಿಸಿಕೊಡುತ್ತೇವೆ’ ಎಂದಿದ್ದಾರೆ. ಒಪ್ಪಿಕೊಳ್ಳಲೇ ಎಂದು ಕೇಳಿದ್ದೀರಿ.

ಬೇಡ, ದಯವಿಟ್ಟು ಬೇಡ. ಸರಿ ತಪ್ಪಿನ ವಿಚಾರ ನಿಮಗೇ ಗೊತ್ತಿದೆ, ಇಲ್ಲದಿದ್ದರೆ ನೀವು ಕೇಳುತ್ತಿರಲಿಲ್ಲ. ಅದು ಹೇಗೆ ಸಿಕ್ಕಿಬೀಳುತ್ತದೆ ಎಂಬುದನ್ನು ಹೇಳುತ್ತೇನೆ. ಆಫರ್ ಪತ್ರ ಕೊಟ್ಟ ಮೇಲೆ ಕಂಪನಿಗಳು ನಿಮ್ಮ ಹಿನ್ನೆಲೆಯ ಪರಿಶೀಲನೆಯನ್ನು ಸಾಮಾನ್ಯವಾಗಿ ಬೇರೊಂದು ಸಂಸ್ಥೆಗೆ ಒಪ್ಪಿಸುತ್ತವೆ. ಅವರು ಯುಎಎನ್ ಸಂಖ್ಯೆ ಕೇಳುತ್ತಾರೆ. 2014ರಿಂದ ಭವಿಷ್ಯ ನಿಧಿಯಲ್ಲಿ (ಪಿಎಫ್) ಒಬ್ಬ ಉದ್ಯೋಗಿಗೆ ಇರುವ ಒಂದೇ ಸಂಖ್ಯೆ ಅದು. ಯಾವ ಕಂಪನಿಗೆ ಯಾವತ್ತು ಸೇರಿದಿರಿ, ಯಾವತ್ತು ಬಿಟ್ಟಿರಿ, ಯಾವ ತಿಂಗಳು ಎಷ್ಟು ಹಣ ಕಟ್ಟಿದ್ದಾರೆ ಎಂಬುದೆಲ್ಲ ಅದರಡಿ ಸಾಲಾಗಿ ಬರುತ್ತದೆ. ಸಂಬಳದಿಂದ ತೆರಿಗೆ ಮುರಿದಿದ್ದರೆ ಅದು ಆದಾಯ ತೆರಿಗೆ ಇಲಾಖೆಯ ಫಾರ್ಮ್ 26ಎಎಸ್‌ನಲ್ಲಿ ಇರುತ್ತದೆ. ಐದು ವರ್ಷದ ಅನುಭವ ಪತ್ರವಿದ್ದು, ಅಷ್ಟೂ ವರ್ಷ ಈ ಎರಡೂ ಕಡೆ ಒಂದು ರೂಪಾಯಿಯೂ ಕಾಣದಿದ್ದರೆ ಪರಿಶೀಲಿಸುವವರು ಬೇರೇನನ್ನೂ ಹುಡುಕಬೇಕಾಗಿಲ್ಲ. ಅಂಥದೇ ಪತ್ರ ಕೊಟ್ಟು ನಮ್ಮ ತಂಡಕ್ಕೆ ಬಂದ ಒಬ್ಬ ಹುಡುಗಿಯ ಪರಿಶೀಲನೆಯ ವರದಿ ಮೂರನೆಯ ತಿಂಗಳು ಬಂತು. ಮಧ್ಯಾಹ್ನ ಊಟಕ್ಕೆ ಹೋದವಳನ್ನು ಕರೆದು ಲ್ಯಾಪ್‌ಟಾಪ್ ತೆಗೆದುಕೊಂಡರು. ಟಿಫಿನ್ ಡಬ್ಬಿ ಮೇಜಿನ ಮೇಲೇ ಉಳಿಯಿತು, ಸಂಜೆ ನಾನು ಅದನ್ನು ಕೆಳಗೆ ಸೆಕ್ಯುರಿಟಿಯವರಿಗೆ ಕೊಟ್ಟು ಬಂದೆ. ಕೆಲಸ ಬಲ್ಲ ಹುಡುಗಿ ಅವಳು.

ಇನ್ನೂ ಒಂದು ಇದೆ. ಆ ಸುಳ್ಳು ಐದು ವರ್ಷ ನಿಮ್ಮ ನಿಜವಾದ ಆರು ವರ್ಷವನ್ನೂ ನುಂಗಿಬಿಡುತ್ತದೆ. ಒಂದು ಪತ್ರ ಸುಳ್ಳೆಂದು ಗೊತ್ತಾದ ಮೇಲೆ ಉಳಿದ ಪತ್ರಗಳನ್ನು ಯಾರು ನಂಬುತ್ತಾರೆ?

ಹಾಗಾಗಿ ಮೊದಲು ಬೀರು ತೆರೆದು ಹಳೆಯ ಕಾಗದಗಳನ್ನು ಹುಡುಕಿ: ರಿಲೀವಿಂಗ್ ಲೆಟರ್, ಕೊನೆಯ ಮೂರು ತಿಂಗಳ ಪೇ ಸ್ಲಿಪ್, ಪಿಎಫ್ ಸಂಖ್ಯೆ. ನಾನು 2013ರಲ್ಲೇ ಬಿಟ್ಟಿದ್ದರಿಂದ ನನಗೆ ಯುಎಎನ್ ಇರಲೇ ಇಲ್ಲ, ಪೇ ಸ್ಲಿಪ್‌ನ ಮೂಲೆಯಲ್ಲಿದ್ದ ಹಳೆಯ ಪಿಎಫ್ ಸಂಖ್ಯೆಯೇ ಆಧಾರವಾಯಿತು. ಹೆಸರೂ ಎಲ್ಲ ಕಡೆ ಒಂದೇ ಇದೆಯೇ ನೋಡಿ. ನಮ್ಮ ಕಡೆ ಇದು ದೊಡ್ಡ ತೊಡಕು. ಆಧಾರ್‌ನಲ್ಲಿ ಇನಿಷಿಯಲ್, ಪ್ಯಾನ್‌ನಲ್ಲಿ ಆ ಇನಿಷಿಯಲ್ ಬಿಡಿಸಿ ಅಪ್ಪನ ಪೂರ್ತಿ ಹೆಸರು, ಹಳೆಯ ಪಿಎಫ್ ದಾಖಲೆಯಲ್ಲಿ ಇನ್ನೊಂದು ಬಗೆ. ನನ್ನದನ್ನು ಸರಿಪಡಿಸಲು ಎರಡು ತಿಂಗಳು ಹಿಡಿಯಿತು. ಆಫರ್ ಬಂದ ಮೇಲೆ ಈ ಓಡಾಟ ಇಟ್ಟುಕೊಳ್ಳಬೇಡಿ.

ಗ್ಯಾಪ್ ಬಗ್ಗೆ ಹೇಗೆ ಹೇಳುವುದು ಎಂದು ಕೇಳಿದ್ದೀರಿ. ರೆಸ್ಯೂಮೆಯಲ್ಲಿ ನಾನು ಬರೆದದ್ದು ಒಂದೇ ಸಾಲು: ‘2013–2023: ಕುಟುಂಬದ ಆರೈಕೆ’. ಮಗಳು ಚಿಕ್ಕವಳು, ಅತ್ತೆಗೆ ಪಾರ್ಶ್ವವಾಯು ಹೊಡೆದಿತ್ತು. ಮೊದಲ ಮೂರು ಸಂದರ್ಶನಗಳಲ್ಲಿ ಇದನ್ನೇ ಹತ್ತು ನಿಮಿಷ ವಿವರಿಸಿದೆ, ಮಾತಿನ ನಡುವೆ ಎರಡು ಸಲ ಕ್ಷಮೆಯನ್ನೂ ಕೇಳಿದೆ. ಯಾರೂ ಕೇಳದ ಕ್ಷಮೆ ಅದು. ನಾಲ್ಕನೆಯದರಲ್ಲಿ ಎರಡೇ ವಾಕ್ಯದಲ್ಲಿ ಹೇಳಿ ಸುಮ್ಮನಾದೆ, ಅವರೂ ಮುಂದಿನ ಪ್ರಶ್ನೆಗೆ ಹೋದರು.

ಆ ಮುಂದಿನ ಪ್ರಶ್ನೆ ನನಗಿನ್ನೂ ನೆನಪಿದೆ. ‘ಬಸ್ ಟಿಕೆಟ್ ಕಾದಿರಿಸುವ ತಂತ್ರಾಂಶ. ಪ್ರಯಾಣಿಕರಿಗೆ 60 ವರ್ಷವಾಗಿದ್ದರೆ ದರದಲ್ಲಿ ಶೇ. 25 ರಿಯಾಯಿತಿ. ಏನೇನು ಪರೀಕ್ಷಿಸುತ್ತೀರಿ?’ 59, 60, 61 ಎಂದು ಗಡಿಯ ವಯಸ್ಸುಗಳನ್ನು ಹೇಳಿದೆ, ಅದು ನೀವೂ ಹೇಳುವಂಥದ್ದೇ. ಹೇಳುತ್ತಿದ್ದಂತೆ ನಮ್ಮ ಮಾವನವರಿಗೆ ಶಿವಮೊಗ್ಗದ ಬಸ್ಸಿಗೆ ಟಿಕೆಟ್ ಮಾಡಿಸುತ್ತಿದ್ದ ದಿನಗಳು ಕಣ್ಣ ಮುಂದೆ ಬಂದವು. ಅರವತ್ತು ತುಂಬಬೇಕಾದದ್ದು ಟಿಕೆಟ್ ಮಾಡಿಸುವ ದಿನವೋ, ಪ್ರಯಾಣದ ದಿನವೋ? ಎಷ್ಟೋ ಹಿರಿಯರ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ವರ್ಷ ಮಾತ್ರ ಇದೆ, ತಾರೀಖು ಇಲ್ಲ. ಅವರ ವಯಸ್ಸನ್ನು ಹೇಗೆ ಲೆಕ್ಕ ಹಾಕುತ್ತೀರಿ? ಒಂದೇ ಟಿಕೆಟ್‌ನಲ್ಲಿ ನಾಲ್ವರಿದ್ದು ಒಬ್ಬರಿಗೆ ಮಾತ್ರ ರಿಯಾಯಿತಿ ಇದ್ದು, ಅವರೊಬ್ಬರದನ್ನೇ ರದ್ದು ಮಾಡಿದರೆ ಹಿಂದಿರುಗಿಸುವ ಹಣ ಎಷ್ಟು? ದರದ ಕಾಲು ಭಾಗ ಕಳೆದಾಗ ಪೈಸೆ ಬಂದರೆ ಮೇಲಕ್ಕೋ ಕೆಳಕ್ಕೋ? ಎದುರಿಗಿದ್ದವರು ಪೆನ್ನು ಕೆಳಗಿಟ್ಟು, ‘ಆಧಾರ್ ವಿಚಾರ ನಮಗೂ ಹೊಳೆದಿರಲಿಲ್ಲ’ ಎಂದರು. ಆ ಪ್ರಶ್ನೆಗಳಲ್ಲಿ ಅರ್ಧ ಹಳೆಯ ಕಚೇರಿಯಲ್ಲಿ ಕಲಿತದ್ದು, ಇನ್ನರ್ಧ ಈ ಹತ್ತು ವರ್ಷ ಮನೆಯವರಿಗಾಗಿ ಬ್ಯಾಂಕು, ಆಸ್ಪತ್ರೆ, ಬಸ್ ನಿಲ್ದಾಣ ಸುತ್ತಿ ಕಲಿತದ್ದು. ನಿಮ್ಮ ಎಂಟು ವರ್ಷದಲ್ಲೂ ಅಂಥದ್ದು ಎಷ್ಟೋ ಇರುತ್ತದೆ.

ಈಗ ಕಲಿಕೆ. ಹಳೆಯದು ಅಷ್ಟು ಬೇಗ ಮರೆಯುವುದಿಲ್ಲ, ನಂಬಿ. ಡೇಟಾಬೇಸಿನಿಂದ ಬೇಕಾದ ಮಾಹಿತಿ ತೆಗೆಯುವ ಭಾಷೆ ಎಸ್‌ಕ್ಯುಎಲ್ ಒಂದೇ ವಾರದಲ್ಲಿ ಕೈಗೆ ಬಂತು. ಎರಡು ಟೇಬಲ್‌ಗಳನ್ನು ಜೋಡಿಸುವ ಲೆಫ್ಟ್ ಜಾಯಿನ್ ಬರೆದು, ಬಲಗಡೆಯ ಟೇಬಲಿನ ಷರತ್ತನ್ನು ವೇರ್ ಭಾಗದಲ್ಲಿ ಹಾಕಿದರೆ ಜೋಡಿಯಿಲ್ಲದ ಸಾಲುಗಳು ಉದುರಿಹೋಗುತ್ತವೆ. 2008ರಲ್ಲೂ ಉದುರುತ್ತಿದ್ದವು, ಈಗಲೂ ಉದುರುತ್ತವೆ. ಬದಲಾಗಿರುವುದು ಸಲಕರಣೆಗಳು. ನಾನು ಬಿಡುವಾಗ ನಮ್ಮಲ್ಲಿ ಪರೀಕ್ಷೆಗಳನ್ನು ತಾನಾಗಿ ನಡೆಸಲು ಕ್ಯುಟಿಪಿ ಇತ್ತು, ಕೋಡ್ ಕಾಪಿಡಲು ಎಸ್‌ವಿಎನ್ ಇತ್ತು. ಬರುವಷ್ಟರಲ್ಲಿ ಎಲ್ಲೆಡೆ ಮೊದಲನೆಯದಕ್ಕೆ ಸೆಲೆನಿಯಂ, ಎರಡನೆಯದಕ್ಕೆ ಗಿಟ್, ತಂತ್ರಾಂಶಗಳು ತಮ್ಮತಮ್ಮಲ್ಲಿ ಮಾತಾಡುವ ದಾರಿಯಾದ ಎಪಿಐಗಳನ್ನು ಪರೀಕ್ಷಿಸಲು ಪೋಸ್ಟ್‌ಮ್ಯಾನ್. ಮೈಕ್ರೋಸಾಫ್ಟ್‌ನ ಪ್ಲೇರೈಟ್ ಕೂಡ, ಅದೂ ಸೆಲೆನಿಯಂನಂಥದ್ದೇ, ಈಗ ಕೇಳಿಬರುತ್ತದೆ. ಎಲ್ಲದರ ಹಿಂದೆ ಓಡಬೇಡಿ. ಒಂದು ಭಾಷೆ, ಒಂದು ಆಟೊಮೇಷನ್ ಸಲಕರಣೆ, ಗಿಟ್, ಎಪಿಐ ಪರೀಕ್ಷೆ ಇಷ್ಟನ್ನು ಗಟ್ಟಿ ಮಾಡಿಕೊಳ್ಳಿ. ನನಗೆ ಐದು ತಿಂಗಳು ಬೇಕಾಯಿತು, ದಿನಾ ಬೆಳಿಗ್ಗೆ ನಾಲ್ಕೂವರೆಯಿಂದ ಆರೂವರೆವರೆಗೆ, ಊಟದ ಮೇಜಿನ ಮೇಲೆ.

ಒಂದು ಎಚ್ಚರಿಕೆ: ಹಳೆಯ ವಿಡಿಯೊ ಪಾಠ ನೋಡುವಾಗ ತಾರೀಖು ನೋಡಿ. ಸೆಲೆನಿಯಂ ಬ್ರೌಸರನ್ನು ನಡೆಸಲು ಬೇಕಾದ ಕ್ರೋಮ್ ಡ್ರೈವರ್ ಇಳಿಸಿಕೊಳ್ಳಿ, ಬ್ರೌಸರಿನ ಆವೃತ್ತಿಗೆ ಹೊಂದಿಸಿ ಎಂದು ಒಬ್ಬರು ಹೇಳಿದ್ದನ್ನು ನಂಬಿ ಮೂರು ದಿನ ಒದ್ದಾಡಿದೆ. 2022ರ ಕೊನೆಯಲ್ಲಿ ಬಂದ ಸೆಲೆನಿಯಂ 4.6ರಿಂದ ಆ ಕೆಲಸವನ್ನು ಸೆಲೆನಿಯಂ ತಾನೇ ಮಾಡಿಕೊಳ್ಳುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ನಾಲ್ಕನೆಯ ದಿನ ಬೆಳಿಗ್ಗೆ ಬ್ರೌಸರ್ ತಾನಾಗಿ ತೆರೆದುಕೊಂಡಿತು, ಹೆಸರು, ಪಾಸ್‌ವರ್ಡ್ ಒಂದೊಂದೇ ಅಕ್ಷರವಾಗಿ ತುಂಬಿಕೊಂಡವು. ನೀರು ಕುಡಿಯಲು ಎದ್ದು ಬಂದ ಮಗಳು ಲೋಟ ಹಿಡಿದುಕೊಂಡೇ ನಿಂತು, ‘ಅಮ್ಮ, ನೀನು ಮುಟ್ಟಿಯೇ ಇಲ್ಲವಲ್ಲ!’ ಎಂದಳು. ಅವತ್ತು ನನಗೆ ಧೈರ್ಯ ಬಂತು.

90 ಸಾವಿರದ ಕೋರ್ಸಿನ ಅಗತ್ಯವೇ ಇಲ್ಲ. ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ ಮತ್ತು ನಮ್ಮ ಐಐಎಸ್‌ಸಿಯ ಪ್ರಾಧ್ಯಾಪಕರ ಪಾಠಗಳು ಉಚಿತ. ಪ್ರಮಾಣಪತ್ರ ಬೇಕೆಂದರೆ ಪರೀಕ್ಷೆಗೆ ಮಾತ್ರ ಶುಲ್ಕ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನ ಕೆಲವು ಪಾಠಗಳು ಕನ್ನಡದ ಧ್ವನಿಯಲ್ಲೂ ಸಿಗುತ್ತವೆ. ನಾನು ಓದುತ್ತಿದ್ದ ಹೊತ್ತಿಗೇ ಚಾಟ್‌ಜಿಪಿಟಿ ಬಂತು. ಅದನ್ನು ಬಳಸಿ, ಆದರೆ ನಿಮ್ಮ ಟೆಸ್ಟ್ ಕೇಸ್‌ಗಳನ್ನು ಮೊದಲು ನೀವೇ ಕಾಗದದಲ್ಲಿ ಬರೆದುಕೊಳ್ಳಿ, ಆಮೇಲೆ ಅದನ್ನು ಕೇಳಿ. ಮೊದಲೇ ಕೇಳಿದರೆ ನಿಮ್ಮ ತಲೆ ಅದರ ದಾರಿಯಲ್ಲೇ ಹೋಗುತ್ತದೆ, ಅದು ಬಿಟ್ಟದ್ದನ್ನು ನೀವೂ ಬಿಡುತ್ತೀರಿ.

ಬಿಡುವಿನಿಂದ ಮರಳುವವರಿಗೆಂದೇ ಇರುವ ನೇಮಕಾತಿಗಳನ್ನೂ ನೋಡಿ. ಟಾಟಾ ಸಮೂಹ 2008ರಲ್ಲೇ ಇಂಥದ್ದೊಂದನ್ನು ಮಹಿಳೆಯರಿಗಾಗಿ ಶುರು ಮಾಡಿತು. ಟಿಸಿಎಸ್‌ನ ರೀಬಿಗಿನ್, ಇನ್ಫೋಸಿಸ್‌ನ ರೀಸ್ಟಾರ್ಟ್, ವಿಪ್ರೋದ ಬಿಗಿನ್ ಅಗೇನ್ ಆಮೇಲೆ ಬಂದವು. ಬೆಂಗಳೂರಿನಲ್ಲಿ 2015ರಲ್ಲಿ ಹುಟ್ಟಿದ, ಮಹಿಳೆಯರಿಗೆ ಕೆಲಸ ಹುಡುಕಿಕೊಡುವ ಜಾಲತಾಣ ಜಾಬ್ಸ್‌ಫಾರ್‌ಹರ್ ಈಗ ಹರ್‌ಕೀ ಎಂಬ ಹೆಸರಿನಲ್ಲಿದೆ, ಅಲ್ಲಿ ಹೆಸರು ನೋಂದಾಯಿಸಿ. ಇಂಥ ಕಡೆ ಗ್ಯಾಪ್ ಇರುವುದೇ ಅರ್ಹತೆ. ಸುಳ್ಳು ಅನುಭವ ಪತ್ರ ಇಟ್ಟುಕೊಂಡು ಈ ಬಾಗಿಲು ತಟ್ಟಲೂ ಆಗುವುದಿಲ್ಲ.

ಸಂಬಳದ ವಿಷಯ ನೇರವಾಗಿ ಹೇಳುತ್ತೇನೆ. ಬಿಟ್ಟಾಗ ಇದ್ದುದಕ್ಕಿಂತ ಸ್ವಲ್ಪ ಕಡಿಮೆಗೆ, ಆರು ತಿಂಗಳ ಗುತ್ತಿಗೆಯ ಮೇಲೆ ಸೇರಿದೆ, ಕಾಯಂ ಆದ ಮೇಲೆ ಏರಿತು. ಕಡಿಮೆಗೆ ಒಪ್ಪಿಕೊಳ್ಳಿ, ಆದರೆ ಬಿಟ್ಟಿ ದುಡಿಯಬೇಡಿ. ‘ಮೊದಲು ಮೂರು ತಿಂಗಳು ಹಾಗೇ ಮಾಡಿ, ಆಮೇಲೆ ನೋಡೋಣ’ ಎಂದ ಒಂದು ಸಣ್ಣ ಕಂಪನಿಯಿಂದ ನಾನು ಎದ್ದು ಬಂದೆ, ಅದಕ್ಕೆ ಇವತ್ತಿಗೂ ಸಂತೋಷವಿದೆ.

ಸೇರಿದ ಮೊದಲ ತಿಂಗಳು ಕಷ್ಟ. ನನ್ನ ಮೊದಲ ಕೋಡಿಗೆ ನನಗಿಂತ ಹನ್ನೆರಡು ವರ್ಷ ಚಿಕ್ಕ ಹುಡುಗ 23 ಟಿಪ್ಪಣಿ ಬರೆದಿದ್ದ. ವೈಟ್‌ಫೀಲ್ಡಿನಿಂದ ವಿಜಯನಗರದವರೆಗೆ ಮೆಟ್ರೊದಲ್ಲಿ ಕೂತು ಒಂದೊಂದೇ ಓದಿದೆ. 19 ಸರಿಯಾಗಿದ್ದವು. ಉಳಿದ ನಾಲ್ಕಕ್ಕೆ ಮರುದಿನ ಅವನ ಪಕ್ಕ ಕುರ್ಚಿ ಹಾಕಿಕೊಂಡು ನನ್ನ ಕಾರಣ ಹೇಳಿದೆ, ಅವನು ಮೂರನ್ನು ಒಪ್ಪಿಕೊಂಡ. ಮನೆಯಲ್ಲೂ ಮೊದಲೇ ಮಾತಾಡಿಕೊಳ್ಳಿ: ಮಗುವಿಗೆ ಜ್ವರ ಬಂದ ದಿನ ರಜೆ ಹಾಕುವವರು ಯಾರು? ಪ್ರತಿ ಸಲ ನೀವೇ ಎಂದಾದರೆ ಮೂರೇ ತಿಂಗಳಲ್ಲಿ ಸೋತುಹೋಗುತ್ತೀರಿ. ನಾವು ಸೋಮ, ಬುಧ, ಶುಕ್ರ ಅವರದು, ಮಂಗಳ, ಗುರು ನನ್ನದು ಎಂದು ಕ್ಯಾಲೆಂಡರಿನಲ್ಲೇ ಬರೆದು ಅಡುಗೆ ಮನೆಯಲ್ಲಿ ನೇತುಹಾಕಿದೆವು. 50 ಅಥವಾ ಹೆಚ್ಚು ಜನ ಇರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಸೌಲಭ್ಯ ಇರಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ನಿಯಮ ತಂದಿತು. ನಿಮ್ಮ ಮಗು ಶಾಲೆಗೆ ಹೋಗುತ್ತಿದೆ, ಆದರೂ ಯಾವ ವಯಸ್ಸಿನವರೆಗೆ ಎಂದು ಕೇಳಿ ತಿಳಿದುಕೊಳ್ಳಿ.

ಇನ್ನು, ನಾಲ್ಕನೆಯ ಸಂದರ್ಶನ ಹೇಗೆ ಸಿಕ್ಕಿತು ಎಂದು ಹೇಳಿಲ್ಲ. ಜಾಲತಾಣಗಳಲ್ಲಿ ನಲವತ್ತಕ್ಕೂ ಹೆಚ್ಚು ಅರ್ಜಿ ಹಾಕಿದ್ದೆ, ಹೆಚ್ಚಿನವಕ್ಕೆ ಉತ್ತರವೂ ಬರಲಿಲ್ಲ. ಕೊನೆಗೆ ನನ್ನ ಹಳೆಯ ಟೀಮ್ ಲೀಡ್‌ಗೆ ಫೋನ್ ಮಾಡಿದೆ. ಹತ್ತು ವರ್ಷದಲ್ಲಿ ಒಮ್ಮೆಯೂ ಮಾತಾಡಿಸಿರಲಿಲ್ಲ, ಈಗ ಕೆಲಸಕ್ಕಾಗಿ ಹೇಗೆ ಕೇಳುವುದು ಎಂದು ಎರಡು ವಾರ ನಂಬರ್ ನೋಡುತ್ತ ಕೂತಿದ್ದೆ. ಅವರು ಹೆಸರು ಕೇಳಿದ ತಕ್ಷಣ, ‘ಬಿಲ್ಲಿಂಗ್ ರಿಲೀಸ್ ಹಿಂದಿನ ರಾತ್ರಿ ಆ ದೋಷ ಹಿಡಿದವರು ನೀವಲ್ಲವೇ?’ ಎಂದರು. ನನಗೇ ಅದು ಮರೆತುಹೋಗಿತ್ತು. ನಿಮ್ಮ ಜೊತೆ ಆರು ವರ್ಷ ಕೆಲಸ ಮಾಡಿದವರ ಹೆಸರುಗಳನ್ನು ಇವತ್ತು ರಾತ್ರಿ ಒಂದು ಹಾಳೆಯಲ್ಲಿ ಬರೆಯಿರಿ, ತರಬೇತಿ ಕೇಂದ್ರಕ್ಕೆ ಉತ್ತರ ಕೊಡುವ ಮೊದಲು ಅವರಲ್ಲಿ ಇಬ್ಬರಿಗಾದರೂ ಫೋನ್ ಮಾಡಿ.