900 ಜನರ ವಾಟ್ಸ್ಆ್ಯಪ್ ಗುಂಪು: ಬಿಟ್ಟು ಎಲ್ಲಿಗೆ ಹೋಗೋದು?

ಪ್ರಶ್ನೆ: ನಾವು ಸಾಗರದ ಕಡೆಯ ಅಡಿಕೆ ಬೆಳೆಗಾರರು. ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ 900 ಜನ ಇದ್ದೇವೆ. ಮಳೆ ಹಿಡಿದರೆ ಸಾಕು, ಕೇಳಿದ್ದನ್ನೇ ಕೇಳುತ್ತಾರೆ. ಹಳೆಯ ಉತ್ತರ ಹುಡುಕಿದರೆ ಸಿಗೋದಿಲ್ಲ. ಟೆಲಿಗ್ರಾಂ, ಡಿಸ್ಕಾರ್ಡ್, ರೆಡ್ಡಿಟ್, ಡಿಸ್ಕೋರ್ಸ್ ಅಂತ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದಾರೆ. ಯಾವುದಕ್ಕೆ ಹೋಗೋಣ ಸರ್?

ಉತ್ತರ: ಹೊರಡುವ ಮೊದಲು ಒಂದು ಕೆಲಸ ಮಾಡಿ. ಕಳೆದ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಬಗ್ಗೆ ಬಂದ ಒಂದು ಒಳ್ಳೆಯ ಉತ್ತರವನ್ನು ನಿಮ್ಮ ಗುಂಪಿನಲ್ಲೇ ಹುಡುಕಿ ನೋಡಿ. ಯಾರೋ ಹಿರಿಯರು ಬರೆದಿರುತ್ತಾರೆ: ಈ ರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು, ಮೈಲುತುತ್ತದ ನೀರನ್ನೇ ಸುಣ್ಣದ ನೀರಿಗೆ ಹೊಯ್ಯಬೇಕು, ಚಾಕು ಅದ್ದಿದಾಗ ಕೆಂಪಾದರೆ ಸುಣ್ಣ ಸಾಲದು. ಅದರ ಕೆಳಗೆ ಹತ್ತು ಶುಭೋದಯ, ಒಂದು ಶ್ರದ್ಧಾಂಜಲಿ, ಇವತ್ತಿನ ರಾಶಿ ಅಡಿಕೆ ಧಾರಣೆ. ಅಷ್ಟೊಂದು ಅನುಭವದ ಮಾತು ಮೂರೇ ದಿನಕ್ಕೆ ಮೇಲೆ ಹೋಗಿಬಿಡುತ್ತೆ. ನನಗೆ ಇದು ನಿಜಕ್ಕೂ ಬೇಜಾರಿನ ಸಂಗತಿ.

ಹಾಗಾಗಿ ಯಾವ ಜಾಗವನ್ನಾದರೂ ನಾನು ಎರಡೇ ಪ್ರಶ್ನೆಯಲ್ಲಿ ಅಳೆಯುತ್ತೇನೆ. ಎರಡು ವರ್ಷ ಬಿಟ್ಟು ಬಂದ ಹೊಸಬರಿಗೆ ಆ ಉತ್ತರ ಸಿಗುತ್ತಾ? ನಾಳೆ ಆ ಜಾಗ ಮುಚ್ಚಿದರೆ ನೀವು ಬರೆದದ್ದು ನಿಮ್ಮ ಕೈಯಲ್ಲಿ ಉಳಿಯುತ್ತಾ? ಎರಡನೆಯದು ಸುಮ್ನೆ ಹೆದರಿಸಲು ಹೇಳಿದ್ದಲ್ಲ. ಆರ್ಕುಟ್ ಅನ್ನುವ ಜಾಲತಾಣ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಹೋಯಿತು. ಎರಡರಲ್ಲೂ ವರ್ಷಗಟ್ಟಲೆ ಮಾತಾಡಿದ ಗುಂಪುಗಳಿದ್ದವು.

ವಾಟ್ಸ್ಆ್ಯಪ್ ಗುಂಪಿಗೆ 1,024 ಜನರ ಮಿತಿ ಇದೆ, ನೀವು ಅದರ ಹತ್ತಿರವೇ ಇದ್ದೀರಿ. ಹೊಸಬರಿಗೆ ಹಿಂದಿನ ಮಾತುಕತೆ ಪೂರ್ತಿ ಕಾಣೋದಿಲ್ಲ. ಎಲ್ಲರ ಫೋನ್ ನಂಬರ್ ಎಲ್ಲರಿಗೂ ಕಾಣುತ್ತೆ, ಇದಕ್ಕಾಗಿಯೇ ಎಷ್ಟೋ ಹೆಣ್ಣುಮಕ್ಕಳು ಇಂಥ ಗುಂಪಿಗೆ ಬರುವುದಿಲ್ಲ. ಟೆಲಿಗ್ರಾಂ ಇದಕ್ಕಿಂತ ವಾಸಿ. 2 ಲಕ್ಷ ಜನ ಸೇರಬಹುದು, ನಂಬರ್ ಮುಚ್ಚಿಡಬಹುದು, ಹಳೆಯದನ್ನು ಹೊಸಬರಿಗೂ ತೋರಿಸಬಹುದು. ರೋಗ, ಧಾರಣೆ, ಕೂಲಿ ಅಂತ ಬೇರೆ ಬೇರೆ ವಿಷಯದ ಕೋಣೆ ಮಾಡಬಹುದು. ಕಂಪ್ಯೂಟರಿನಿಂದ ಪೂರ್ತಿ ಮಾತುಕತೆ ಇಳಿಸಿಕೊಳ್ಳಲೂ ಆಗುತ್ತೆ. ಆದರೆ ಪ್ರತಿ ಕೋಣೆಯೊಳಗೂ ಹರಿಯುವುದು ಅದೇ ಹೊಳೆ, ಒಂದು ಪ್ರಶ್ನೆಗೆ ಬಂದ ಉತ್ತರಗಳು ಒಟ್ಟಿಗೆ ನಿಲ್ಲುವುದು ಕಷ್ಟ.

ಡಿಸ್ಕಾರ್ಡ್ ನಿಮಗೆ ಬೇಡ. ಒಳ್ಳೆಯದೇ, ಆದರೆ ಒಳಗಿನದು ಗೂಗಲ್‌ಗೆ ಕಾಣುವುದಿಲ್ಲ, ಆಟ ಆಡುವ ಹುಡುಗರಿಗೆ ಒಗ್ಗಿದ ವ್ಯವಸ್ಥೆ ಅದು. ರೆಡ್ಡಿಟ್ ವಿಷಯಕ್ಕೊಂದು ಗುಂಪು ಇರುವ ಚರ್ಚಾ ತಾಣ, ಅಲ್ಲಿನ ಉತ್ತರ ಗೂಗಲ್‌ನಲ್ಲಿ ಸಿಗುತ್ತೆ, ಒಳ್ಳೆಯದು ಮೇಲೆ ಬರುತ್ತೆ. ಆದರೆ ಮನೆ ಅವರದು. 2023ರಲ್ಲಿ, ರೆಡ್ಡಿಟ್ ಓದಲು ಹೊರಗಿನವರು ಮಾಡಿದ ಆ್ಯಪ್‌ಗಳಿಗೆ ದುಬಾರಿ ದರ ಹಾಕಿದಾಗ ಸಾವಿರಾರು ಗುಂಪುಗಳು ಪ್ರತಿಭಟಿಸಿ ಬಾಗಿಲು ಹಾಕಿದವು, ಆದರೂ ದರ ಇಳಿಯಲಿಲ್ಲ, ಅಪೊಲೊ ಅನ್ನುವ ಜನಪ್ರಿಯ ಆ್ಯಪ್ ಆ ಜೂನ್ ಕೊನೆಗೇ ನಿಂತಿತು. ಆಗ ಕೆಲವರು ರೆಡ್ಡಿಟ್‌ನಂಥದೇ ಆದ ಲೆಮ್ಮಿಗೆ ಹೋದರು. ಅದಕ್ಕೆ ಒಬ್ಬ ಯಜಮಾನ ಇಲ್ಲ, ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಒಂದಕ್ಕೊಂದು ಮಾತಾಡುತ್ತವೆ. ನನಗೆ ತುಂಬಾ ಇಷ್ಟವಾದ ಯೋಚನೆ. ಆದರೆ ಯಾವ ಸರ್ವರ್ ಸೇರಬೇಕು ಎನ್ನುವಲ್ಲೇ ನಿಮ್ಮ ಅರ್ಧ ಜನ ನಿಂತುಬಿಡುತ್ತಾರೆ.

ನಿಮಗೆ ನಾನು ಹೇಳುವುದು ಡಿಸ್ಕೋರ್ಸ್, ಅಂದರೆ ನಿಮ್ಮದೇ ಚರ್ಚಾ ತಾಣ ನಡೆಸುವ ತಂತ್ರಾಂಶ. ವಾಟ್ಸ್ಆ್ಯಪ್ ಬಿಡಬೇಡಿ, ಅದರ ಜೊತೆಗೆ ಇರಲಿ. ಇಲ್ಲಿ ಒಂದು ಪ್ರಶ್ನೆಗೆ ಒಂದು ಪುಟ. ಹೊಸದಾಗಿ ಕೇಳಲು ತಲೆಬರಹ ಬರೆಯುತ್ತಿದ್ದ ಹಾಗೇ, ಮೊದಲು ಕೇಳಿದ ಅಂಥದೇ ಪ್ರಶ್ನೆಗಳನ್ನು ಅದೇ ಎತ್ತಿ ತೋರಿಸುತ್ತೆ. ಎಲ್ಲವನ್ನೂ ಒಂದೇ ಫೈಲಿನಲ್ಲಿ ಬ್ಯಾಕಪ್ ತೆಗೆದು ಮನೆಯಲ್ಲಿ ಇಟ್ಟುಕೊಳ್ಳಬಹುದು. ತಂತ್ರಾಂಶ ಉಚಿತ, ಆದರೆ ಸರ್ವರ್ ಬಾಡಿಗೆ ನಿಮ್ಮದು, ಸರ್ವರ್ ನಡೆಸಲು ಲಿನಕ್ಸ್ ಗೊತ್ತಿರುವ ಒಬ್ಬರು ಬೇಕೇ ಬೇಕು. ಊರಿನ ಯಾರದಾದರೂ ಮಗಳೋ ಮಗನೋ ಬೆಂಗಳೂರಲ್ಲಿ ಈ ಕೆಲಸದಲ್ಲೇ ಇರಬಹುದು, ಕೇಳಿ ನೋಡಿ. ಅಂಥವರು ಯಾರೂ ಸಿಗದಿದ್ದರೆ ಟೆಲಿಗ್ರಾಂ ಸಾಕು, ಹಟ ಮಾಡಬೇಡಿ.

ಖಾತೆ ತೆರೆಯಲು ಇಮೇಲ್ ಬೇಕು ಅಂದ ಕೂಡಲೇ ಜನ ಹಿಂದೆ ಸರಿಯುತ್ತಾರೆ, ನಿಜ. ಆದರೆ ಎಲ್ಲರಿಗೂ ಕಾಣುವ ಹಾಗೆ ಇಟ್ಟರೆ ಓದಲು ಖಾತೆಯೇ ಬೇಡ ಅಲ್ವಾ? ಇಬ್ಬರು ಜವಾಬ್ದಾರಿ ತೆಗೆದುಕೊಂಡು, ಬರೆದವರನ್ನು ಕೇಳಿ, ವಾರಕ್ಕೆ ಐದಾರು ಒಳ್ಳೆಯ ಉತ್ತರಗಳನ್ನು ಅಲ್ಲಿಗೆ ಹಾಕಲಿ. ಗುಂಪಿನಲ್ಲಿ ಯಾರಾದರೂ ಮತ್ತೆ ಅದನ್ನೇ ಕೇಳಿದರೆ ಲಿಂಕ್ ಕೊಟ್ಟರಾಯಿತು.

ತಲೆಬರಹದಲ್ಲಿ ಜಾಸ್ತಿ ಜನ ಎಡವುತ್ತಾರೆ. ಒಬ್ಬರು ಕೊಳೆರೋಗ ಅಂತ ಹುಡುಕುತ್ತಾರೆ, ಒಬ್ಬರು ಬರೀ ಕೊಳೆ ಅಂತ, ಘಟ್ಟದ ಕೆಳಗಿನವರು ಮಹಾಳಿ ಅಂತ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಾರೆ. ಈ ನಾಲ್ಕೂ ಆ ಪುಟದ ಮೊದಲ ಎರಡು ಸಾಲಿನಲ್ಲಿ ಇರಲಿ.