ಶಾಸಕರಾಗಿದ್ದವರು ಜಡ್ಜ್ ಆಗಬಹುದಾ?

ಪ್ರಶ್ನೆ: ಮೇಡಂ, ನಮ್ಮೂರ ಸೊಸೈಟಿ ಕಟ್ಟೆಯ ಮೇಲೆ ದೊಡ್ಡ ವಾದ ಆಯಿತು. ಶಾಸಕ, ಮಂತ್ರಿ ಅಂತ ಓಡಾಡಿದವರು ಆಮೇಲೆ ನ್ಯಾಯಾಧೀಶರಾಗಬಹುದಾ? ಆದರೂ ಅವರನ್ನು ನಂಬುವುದು ಹೇಗೆ?
– ಓದುಗರೊಬ್ಬರು, ಶಿರಸಿ

ಉತ್ತರ: ಆಗಬಹುದು. ಹೈಕೋರ್ಟಿನಲ್ಲಿ 10 ವರ್ಷ ವಕೀಲಿಕೆ ಮಾಡಿದವರನ್ನು ಹೈಕೋರ್ಟ್ ನ್ಯಾಯಾಧೀಶರಾಗಿ ನೇಮಿಸಬಹುದು. ಹಿಂದೆ ಶಾಸಕರಾಗಿದ್ದರು ಅನ್ನುವುದು ಅಡ್ಡಿಯಲ್ಲ.

ನಂಬುವ ಮಾತು ಬಂದಾಗ ನನಗೆ ನೆನಪಾಗುವವರು ವಿ.ಆರ್. ಕೃಷ್ಣ ಅಯ್ಯರ್. ತಲಶ್ಶೇರಿಯ ವಕೀಲರು. 1952ರಲ್ಲಿ ಮದ್ರಾಸ್ ವಿಧಾನಸಭೆಗೆ, 1957ರಲ್ಲಿ ಕೇರಳ ವಿಧಾನಸಭೆಗೆ ಆರಿಸಿ ಬಂದರು. ಅಲ್ಲಿನ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸಂಪುಟದಲ್ಲಿ ಕಾನೂನು, ಗೃಹ, ಜೈಲು ಖಾತೆಗಳನ್ನು ನೋಡಿಕೊಂಡರು. 1965ರಲ್ಲಿ ಸೋತರು. 1968ರಲ್ಲಿ ಕೇರಳ ಹೈಕೋರ್ಟ್, 1973ರಲ್ಲಿ ಸುಪ್ರೀಂ ಕೋರ್ಟ್. ರಾಜಕೀಯದವರು ಇಲ್ಲಿಗೆ ಬೇಡ ಅಂತ ಆಗ ಮುಂಬಯಿಯ ಕೆಲವು ವಕೀಲರೂ ವಿರೋಧಿಸಿದ್ದರು.

1978ರ ಮೋತಿರಾಮ್ ಪ್ರಕರಣ ನೋಡಿ. ಮಧ್ಯಪ್ರದೇಶದ ಬಡ ಗಾರೆ ಕೆಲಸದವನು. ಜಾಮೀನೇನೋ ಸಿಕ್ಕಿತ್ತು. ಆದರೆ ಮ್ಯಾಜಿಸ್ಟ್ರೇಟರು 10,000 ರೂಪಾಯಿಗೆ ಜಾಮೀನುದಾರ ಬೇಕು ಅಂದರು. ಒಡಹುಟ್ಟಿದವನೇ ಮುಂದೆ ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. ಅಯ್ಯರ್ ಅವರು 1,000 ರೂಪಾಯಿಯ ಸ್ವಂತ ಮುಚ್ಚಳಿಕೆ ಮೇಲೆ ಅವನನ್ನು ಬಿಡಿಸಿದರು. ಮಲಯಾಳಿಯೋ ಕನ್ನಡಿಗನೋ ದೂರದ ಬಸ್ತಾರಿನಲ್ಲಿ ಸಿಕ್ಕಿಬಿದ್ದರೆ ಏನು ಮಾಡಬೇಕು ಅಂತ ತೀರ್ಪಿನಲ್ಲೇ ಕೇಳಿದರು.

ಇದು ನಮ್ಮ ಕಾರವಾರಕ್ಕೂ ಬೇಕಾದ ತೀರ್ಪು. ಬೈತಖೋಲ ಬಂದರಿನ ಬೋಟುಗಳಲ್ಲಿ ಒಡಿಶಾ, ಜಾರ್ಖಂಡಿನ ಹುಡುಗರು ದುಡಿಯುತ್ತಾರೆ. ಸಣ್ಣ ಹೊಡೆದಾಟದ ಕೇಸಾದರೂ ಸಾಕು, ಪಹಣಿ ಹಿಡಿದು ಬಂದು ಸಹಿ ಹಾಕುವ ನೆಂಟ ಅವರಿಗೆ ಇಲ್ಲೆಲ್ಲಿ ಸಿಗಬೇಕು? ಅಂಥ ಹುಡುಗನ ಪರ ನಿಂತಾಗಲೆಲ್ಲ ನಾನು ಮೋತಿರಾಮ್ ತೀರ್ಪಿನ ಪ್ರತಿ ಮುಂದಿಡುತ್ತೇನೆ. ಓಟು ಕೇಳುತ್ತಾ ಬಡವರ ಅಂಗಳಕ್ಕೆ ಹೋದವರಿಗೆ, ಜೈಲು ಖಾತೆ ನೋಡಿದವರಿಗೆ, ಈ ಕಷ್ಟ ಬೇಗ ಕಾಣುತ್ತದೆ ಅಂತಲೇ ನನ್ನ ನಂಬಿಕೆ.

ಅಯ್ಯರ್ ಅಧಿಕಾರದಲ್ಲಿದ್ದವರ ಮುಲಾಜಿಗೆ ಬಿದ್ದರಾ? ಅವರನ್ನು ಸುಪ್ರೀಂ ಕೋರ್ಟಿಗೆ ತಂದದ್ದು ಇಂದಿರಾ ಗಾಂಧಿ ಸರ್ಕಾರದ ಕಾಲದಲ್ಲಿ. ತಮ್ಮ ಲೋಕಸಭಾ ಆಯ್ಕೆಯನ್ನು ರದ್ದು ಮಾಡಿದ ಅಲಹಾಬಾದ್ ಹೈಕೋರ್ಟ್ ತೀರ್ಪಿಗೆ ಪೂರ್ತಿ ತಡೆ ಕೊಡಿ ಅಂತ ಅದೇ ಇಂದಿರಾ ಬಂದಾಗ, 1975ರ ಜೂನ್ 24ರಂದು ಅವರು ಕೊಟ್ಟದ್ದು ಷರತ್ತಿನ ತಡೆ. ಪ್ರಧಾನಿಯಾಗಿ ಮುಂದುವರಿಯಬಹುದು, ಸಂಸದೆಯಾಗಿ ಮತ ಹಾಕುವಂತಿಲ್ಲ. ಮರುದಿನ ರಾತ್ರಿ ತುರ್ತು ಪರಿಸ್ಥಿತಿ ಬಂತು.

ಆದರೂ ನಿಮ್ಮ ಅನುಮಾನ ಸುಮ್ನೆ ಬಂದದ್ದಲ್ಲ. ಅಯ್ಯರ್ ಅವರು ಸೋತ ಮೇಲೆ ಮೂರು ವರ್ಷ ಕಳೆದು ಪೀಠಕ್ಕೆ ಬಂದರು. ನಿನ್ನೆ ಪಕ್ಷದ ವಿಪ್ ಪಾಲಿಸಿದವರು ನಾಳೆಯೇ ಪೀಠದಲ್ಲಿ ಕೂತರೆ ನಾನೂ ಒಪ್ಪುವುದಿಲ್ಲ.