ಹನ್ನೊಂದು ಜನ, ಹನ್ನೊಂದು ವರ್ಷ

ಹೋದ ಸಂಚಿಕೆಯ ಫುಟ್‌ಬಾಲ್ ಲೇಖನ ಓದಿ ಧಾರವಾಡದ ಹಿರಿಯ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಊರಿನ ಬಗ್ಗೆ ಬರೆದ ನಾವು ಅಲ್ಲಿನ ‘ಒಲಿಂಪಿಕ್’ ಎಂಬ ಫುಟ್‌ಬಾಲ್ ತಂಡದ ಹೆಸರನ್ನೇ ಎತ್ತಲಿಲ್ಲವೆಂಬುದು ಅವರ ಮೊದಲ ಆಕ್ಷೇಪ. ಎರಡನೆಯದು ಒಂದು ಅಭಿಪ್ರಾಯ: ಆಟವನ್ನು ಆಟಕ್ಕಾಗಿಯೇ ಆಡುತ್ತಿದ್ದ ಸಜ್ಜನರ ನಡುವೆ ದುಡ್ಡು ತಂದು ಸುರಿದವರೇ ಒಲಿಂಪಿಕ್‌ನವರು, ಆ ತಂಡ ಬೇಗ ಅಳಿದದ್ದು ತಕ್ಕ ಶಾಸ್ತಿ.

ಮಾನ್ಯರೇ,

ತಮ್ಮ ಮೊದಲ ಮಾತಿಗೆ ತಲೆಬಾಗುತ್ತೇನೆ. ಅದೇ ಊರಿನ ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡ 2010ರಲ್ಲಿ ಪುಣೆಯ ವೆಂಕೀಸ್ ಕಂಪನಿಯ ಕೈಗೆ ಬಂದಾಗಿನಿಂದ ಆ ಹೆಸರು ನಮ್ಮವರಿಗೆ ಪರಿಚಿತ. ಆದರೆ ಬ್ಲ್ಯಾಕ್‌ಬರ್ನ್‌ಗೆ ಮೊದಲು ಎಫ್‌ಎ ಕಪ್ (ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್‌ನ ಕಪ್) ತಂದದ್ದು ರೋವರ್ಸ್ ಅಲ್ಲ, ಒಲಿಂಪಿಕ್. ಅದನ್ನು ಬಿಟ್ಟದ್ದು ನಮ್ಮ ತಪ್ಪು.

ಎರಡನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ.

ಆ ಊರು ಎಂಥದೆಂದು ಧಾರವಾಡದವರಾದ ತಮಗೆ ಹೇಳುವುದು ಸುಲಭ. ಲಂಕಾಶೈರ್‌ನ ಗಿರಣಿ ಊರು ಅದು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಲಂಕಾಶೈರ್‌ನ ವ್ಯಾಪಾರಿಗಳು ಕಣ್ಣು ಹಾಕಿದ್ದು ತಮ್ಮ ಸೀಮೆಯ ಕಪ್ಪು ಮಣ್ಣಿನ ಮೇಲೆ. ಬ್ಲ್ಯಾಕ್‌ಬರ್ನ್‌ನ ಮಗ್ಗಗಳು ನಮ್ಮ ದೇಶದ ಪೇಟೆಗೆಂದೇ ಧೋತರ ನೇಯುತ್ತಿದ್ದವು, ಹೆಸರನ್ನೂ ‘ಧೂತಿ’ ಎಂದೇ ಇಟ್ಟುಕೊಂಡಿದ್ದವು. ಆ ಹತ್ತಿ ಬರದಲ್ಲಿ ಗಿರಣಿಗಳು ಬಾಗಿಲು ಹಾಕಿ ಊರು ಗಂಜಿಗೆ ಸಾಲು ನಿಂತಿತ್ತು. ಒಲಿಂಪಿಕ್ ಪರ ಮುಂದೆ ಆಡಿದ ಹುಡುಗರು ಅಂಥ ಮನೆಗಳವರು.

ತಂಡ ಹುಟ್ಟಿದ್ದು 1878ರಲ್ಲಿ, ಬ್ಲ್ಯಾಕ್ ಸ್ಟಾರ್ ಮತ್ತು ಜೇಮ್ಸ್ ಸ್ಟ್ರೀಟ್ ಎಂಬ ಎರಡು ಸಣ್ಣ ತಂಡಗಳು ಕೂಡಿಕೊಂಡಾಗ. ಗ್ರೀಸಿನಲ್ಲಿ ಪ್ರಾಚೀನ ಒಲಿಂಪಿಯಾದ ಅಗೆತ ನಡೆಯುತ್ತಿದ್ದ ಕಾಲ. ಖಜಾಂಚಿ ಜೇಮ್ಸ್ ಎಡ್ಮಂಡ್‌ಸನ್ ಆ ಸುದ್ದಿಯಿಂದಲೇ ಹೆಸರು ಆರಿಸಿದರು. ಮೈದಾನವಿದ್ದದ್ದು ‘ಗೋಡೆಯ ಕಿಂಡಿ’ ಎಂಬರ್ಥದ ಹೆಸರಿನ ಒಂದು ಪಬ್ಬಿನ ಪಕ್ಕ. ಖರ್ಚಿಗೆ ನೆರವಾದವರು ಎರಕದ ಕಾರ್ಖಾನೆಯ ಒಡೆಯ ಸಿಡ್ನಿ ಯೇಟ್ಸ್.

1883ರ ಮಾರ್ಚ್ 31ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಫೈನಲ್. ಎದುರಾಳಿ ಓಲ್ಡ್ ಈಟೋನಿಯನ್ಸ್, ಅಂದರೆ ಸಿರಿವಂತರ ಮಕ್ಕಳು ಓದುವ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳು, ಹಿಂದಿನ ವರ್ಷ ಇದೇ ಊರಿನ ರೋವರ್ಸ್ ತಂಡವನ್ನು ಸೋಲಿಸಿ ಕಪ್ ಗೆದ್ದವರು. ಅವರ ಪೈಕಿ ಆರ್ಥರ್ ಕಿನ್ನೇರ್ಡ್ ಬ್ಯಾಂಕರ್, ಮುಂದೆ ಲಾರ್ಡ್ ಆದವರು. ಈ ಕಡೆ ನಾಯಕ ವಾರ್ಬರ್ಟನ್ ಪ್ಲಂಬರ್. ಆಸ್ಲಿ, ಡ್ಯೂಹರ್ಸ್ಟ್, ಯೇಟ್ಸ್ (ಆ ಒಡೆಯರಲ್ಲ, ಬೇರೆಯವರು) ನೇಕಾರರು. ಗಿಬ್ಸನ್ ಎರಕದ ಕೆಲಸಗಾರ, ಮ್ಯಾಥ್ಯೂಸ್ ಚಿತ್ರಗಳಿಗೆ ಚೌಕಟ್ಟು ಹಾಕುವವ, ಕಾಸ್ಟ್ಲಿ ಗಿರಣಿಯಲ್ಲಿ ನೂಲುವವ.

ಈಗ ಲೆಕ್ಕ ಹಾಕಿ ನೋಡಿ. ಶನಿವಾರ ಮಧ್ಯಾಹ್ನ ಗಿರಣಿ ಬಿಡುವಂತೆ ಕಾನೂನು ಬಂದದ್ದೇ 1850ರಲ್ಲಿ. ಆ ಅರ್ಧ ದಿನದ ರಜೆಯಿಲ್ಲದಿದ್ದರೆ ಈ ಜನಕ್ಕೆ ಫುಟ್‌ಬಾಲೇ ಇಲ್ಲ. ಊರಲ್ಲಿ ಆಟವಿದ್ದರೆ ಸರಿ. ಲಂಡನ್ನಿಗೆ ಹೋಗಬೇಕೆಂದರೆ? ಕಿನ್ನೇರ್ಡರು ಹೋದ ದಿನ ಬ್ಯಾಂಕಿನ ಲಾಭ ನಿಲ್ಲುವುದಿಲ್ಲ. ನೇಕಾರ ಹೋದ ದಿನ ಮಗ್ಗ ನಿಲ್ಲುತ್ತದೆ, ಕೂಲಿಯೂ ನಿಲ್ಲುತ್ತದೆ. ಆಟಕ್ಕಾಗಿ ತಪ್ಪಿದ ಕೂಲಿಯನ್ನು ಕಟ್ಟಿಕೊಡಬಹುದೆಂದು ಫುಟ್‌ಬಾಲ್ ಅಸೋಸಿಯೇಷನ್ನೇ 1882ರಲ್ಲಿ ನಿಯಮ ಮಾಡಿತ್ತು. ಅದರಾಚೆಗೂ ಉತ್ತರದ ತಂಡಗಳಲ್ಲಿ ಒಳಗಿಂದೊಳಗೆ ಹಣ ಕೈ ಬದಲಾಗುತ್ತಿತ್ತು ಎಂಬುದು ನಿಜ. ಆದರೆ ‘ಆಟಕ್ಕಾಗಿಯೇ ಆಟ’ ಎನ್ನುವ ಮಾತು ಊಟದ ಚಿಂತೆಯಿಲ್ಲದವನ ಬಾಯಲ್ಲಿ ಸಲೀಸು. ಅದೇ ಮಾತಿನಿಂದ ನೇಕಾರನನ್ನು ಅಳೆಯುವುದು ನ್ಯಾಯವಲ್ಲ.

ದುಡ್ಡು ಎಲ್ಲಿಗೆ ಹೋಯಿತೆಂಬುದನ್ನೂ ನೋಡಬೇಕು. ಶೆಫೀಲ್ಡ್‌ನಿಂದ ಬಂದ ಆಟಗಾರ, ತರಬೇತುದಾರ ಜ್ಯಾಕ್ ಹಂಟರ್ ಮುಖ್ಯ ಪಂದ್ಯದ ಮುನ್ನ ಹುಡುಗರನ್ನೆಲ್ಲ ಬ್ಲ್ಯಾಕ್‌ಪೂಲ್ ಕಡಲತೀರಕ್ಕೆ ಕರೆದೊಯ್ದರು. ಬೆಳಗ್ಗೆ ಆರಕ್ಕೆ ಒಂದು ಲೋಟ ಪೋರ್ಟ್ ವೈನ್, ಎರಡು ಹಸಿ ಮೊಟ್ಟೆ, ಆಮೇಲೆ ಮರಳಿನ ಮೇಲೆ ನಡಿಗೆ. ನಾಷ್ಟಾಕ್ಕೆ ಮೀನು ಮತ್ತು ಓಟ್ಸ್ ಗಂಜಿ, ಮಧ್ಯಾಹ್ನ ಕುರಿ ಮಾಂಸ, ಸಂಜೆ ಮತ್ತೆ ಗಂಜಿ, ಹಾಲು. ರಾತ್ರಿ ತಲಾ ಅರ್ಧ ಡಜನ್ ಸಿಂಪಿ. ವಾರಪೂರ್ತಿ ಗಿರಣಿಯ ಧೂಳು ಕುಡಿದ ಹುಡುಗನಿಗೆ ಹೊಟ್ಟೆ ತುಂಬ ಊಟ, ಕಡಲ ಗಾಳಿ. ಇದನ್ನು ಓದುವಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಸುಮಾರು 8,000 ಜನ ಸೇರಿದ್ದರು. ಮೊದಲ ಗೋಲು ಈಟನ್‌ನ ಗುಡ್‌ಹಾರ್ಟ್ ಅವರದು. ದ್ವಿತೀಯಾರ್ಧದಲ್ಲಿ ಮ್ಯಾಥ್ಯೂಸ್ ಸಮ ಮಾಡಿದರು. ಈಟನ್‌ನ ಡನ್ ಗಾಯಗೊಂಡು ಹೊರಗೆ ಹೋದರು, ಬದಲಿ ಆಟಗಾರರ ಪದ್ಧತಿ ಆಗ ಇರಲಿಲ್ಲ. ಈಟನ್‌ನವರದು ಚೆಂಡನ್ನು ಕಾಲಿಗಂಟಿಸಿಕೊಂಡು ನುಗ್ಗುವ ಆಟ. ಒಲಿಂಪಿಕ್‌ನವರು ಈ ಅಂಚಿನಿಂದ ಆ ಅಂಚಿಗೆ ಉದ್ದುದ್ದ ಪಾಸ್ ಕೊಟ್ಟು ಅವರನ್ನು ಓಡಿಸಿ ದಣಿಸಿದರು. ಹೆಚ್ಚುವರಿ ಸಮಯದಲ್ಲಿ ನೇಕಾರ ಯೇಟ್ಸ್ ದಾಟಿಸಿದ ಚೆಂಡನ್ನು ನೂಲುವ ಕಾಸ್ಟ್ಲಿ ಗೋಲಿನೊಳಕ್ಕೆ ಒದ್ದರು. 2–1.

ಕಪ್ ಇನ್ನು ಲಂಡನ್ನಿಗೆ ಮರಳದೆಂದು ವಾರ್ಬರ್ಟನ್ ಊರ ಜನರೆದುರು ಸಾರಿದರಂತೆ. 1901ರಲ್ಲಿ ಲಂಡನ್ನಿನ ಟೋಟೆನ್‌ಹ್ಯಾಮ್ ತಂಡ ಗೆಲ್ಲುವವರೆಗೂ ಆ ಮಾತು ನಿಂತಿತು. ಹವ್ಯಾಸಿಗಳ ತಂಡವೊಂದು ಆಮೇಲೆ ಎಂದೂ ಆ ಕಪ್ ಗೆಲ್ಲಲಿಲ್ಲ.

ಇನ್ನು ತಂಡದ ಅಳಿವು. ಮರುವರ್ಷ ಒಲಿಂಪಿಕ್ ಸೆಮಿಫೈನಲ್‌ನಲ್ಲಿ ಸ್ಕಾಟ್‌ಲೆಂಡಿನ ಕ್ವೀನ್ಸ್ ಪಾರ್ಕ್ ಎದುರು ಸೋತಿತು. ಆ ವರ್ಷದಿಂದ ಸಾಲಾಗಿ ಮೂರು ಸಲ ಕಪ್ ಗೆದ್ದದ್ದು ರೋವರ್ಸ್. ಊರ ಜನ ಅತ್ತ ವಾಲಿದರು. 1885ರಲ್ಲಿ ವೇತನ ಕೊಟ್ಟು ಆಡಿಸುವುದು ಕಾನೂನುಬದ್ಧವಾಯಿತು. ಆಗ ಸಿರಿವಂತರ ಬೆಂಬಲವಿದ್ದ ತಂಡಗಳ ಸರಿಸಮ ಪಗಾರ ಕೊಡುವುದು ಒಲಿಂಪಿಕ್‌ನಿಂದ ಆಗಲಿಲ್ಲ. 1888ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ವಿಲ್ಲಾ ತಂಡದ ವಿಲಿಯಂ ಮೆಕ್‌ಗ್ರೆಗರ್ ಫುಟ್‌ಬಾಲ್ ಲೀಗ್ ಕಟ್ಟಿದಾಗ ಹನ್ನೆರಡು ತಂಡಗಳಲ್ಲಿ ಆರು ಲಂಕಾಶೈರ್‌ನವು. ಬ್ಲ್ಯಾಕ್‌ಬರ್ನ್‌ನಿಂದ ಒಂದೇ ತಂಡ, ರೋವರ್ಸ್. ಒಲಿಂಪಿಕ್ ಸೇರಿದ ‘ಕಾಂಬಿನೇಷನ್’ ಎಂಬ ಕೂಟ ಒಂದು ಋತುವನ್ನೂ ಪೂರೈಸಲಿಲ್ಲ. 1889ರಲ್ಲಿ ತಂಡ ಮುಚ್ಚಿತು.

ಹಾಗಾಗಿ ದುಡ್ಡು ಸುರಿದು ಕೆಟ್ಟ ತಂಡವೆಂದು ಇದನ್ನು ಕರೆಯಲಾಗದು, ಮಾನ್ಯರೇ. ದುಡ್ಡು ಸಾಲದೆ ಹೋದ ತಂಡ ಅದು. ಅವರು ಗೆದ್ದ ಕಪ್ಪನ್ನು ಈಗ ನೋಡಬೇಕೆಂದರೂ ಸಿಗದು: 1895ರಲ್ಲಿ ಆಸ್ಟನ್ ವಿಲ್ಲಾ ವಶದಲ್ಲಿದ್ದಾಗ ಬರ್ಮಿಂಗ್‌ಹ್ಯಾಮ್‌ನ ಅಂಗಡಿಯೊಂದರಿಂದ ಕಳುವಾದದ್ದು ಮತ್ತೆ ದೊರೆಯಲೇ ಇಲ್ಲ.

— ಸಂಪಾದಕ